ಒದ್ದೆ ಮರಳು ನೋಡಲು ಹೊರಟವರು

ಜೋಗಕ್ಕೆ ಹೋಗಿ ಬಂದವರು ಜೋಗದ ಸುದ್ದಿಗಿಂತ ದಾರಿಯಲ್ಲಿ ತಿಂದದ್ದರ ಸುದ್ದಿಯನ್ನೇ ಹೆಚ್ಚು ಹೇಳುತ್ತಾರೆ. ನೀರು ಬೀಳುತ್ತಿತ್ತು, ಜನ ವಿಪರೀತ, ಮಂಜು ಮುಚ್ಚಿಕೊಂಡಿತ್ತು, ಇಷ್ಟೇ ವರದಿ. ಆಮೇಲೆ ಅರ್ಧ ಗಂಟೆ ತಾಳಗುಪ್ಪದ ಹೋಟೆಲಿನ ಪುರಾಣ. ಅದರಲ್ಲಿ ತಪ್ಪೇನಿಲ್ಲ. ಮೇಲಿಂದ ಕೆಳಕ್ಕೆ ಧುಮುಕುವ ನೀರನ್ನು ನೋಡಲು ಕಣ್ಣೆರಡಿದ್ದರೆ ಸಾಕು, ಯಾರೂ ವಿವರಿಸಬೇಕಾಗಿಲ್ಲ. ನಮ್ಮ ಚಳ್ಳಕೆರೆ ಸೀಮೆಯಲ್ಲಿ ನೀರು ನೋಡುವುದು ಅಷ್ಟು ಸಲೀಸಲ್ಲ. ಇಲ್ಲಿ ತೋರಿಸುವವನೊಬ್ಬ ಬೇಕು. ಅವನು ಬೆರಳು ಮಾಡಿ ತೋರಿಸಿದ ಮೇಲೂ ನಮಗೆ ಕಾಣುವುದು ಮರಳೇ. ‘ಎಲ್ಲೈತಪ್ಪಾ ನೀರು?’ ಅಂದರೆ, ‘ಅದೇ ಸಾಮಿ, ಬಣ್ಣ ನೋಡ್ರಿ’ ಅನ್ನುತ್ತಾನೆ. ಕಣ್ಣು ಕಿರಿದು ಮಾಡಿ ನೋಡಿದರೆ ಹಳ್ಳದ ನಡುವೆ ಒಂದು ಚಾಪೆಯಗಲ ಮರಳು ಮಿಕ್ಕದ್ದಕ್ಕಿಂತ ಒಂಚೂರು ಕಪ್ಪಗಿರುತ್ತದೆ. ನಮ್ಮ ಜಲಪಾತ ಅಷ್ಟೇ.

ಇದನ್ನು ನೋಡಲು ಈಗ ಜನ ಬರುತ್ತಿದ್ದಾರೆ. ಮೇಷ್ಟ್ರು ಮಕ್ಕಳನ್ನು ಕರೆತರುತ್ತಾರೆ, ಕೃಷಿ ಕಾಲೇಜಿನ ಹುಡುಗ ಹುಡುಗಿಯರು ಟೋಪಿ ಹಾಕಿಕೊಂಡು ಬರುತ್ತಾರೆ, ಬೆಂಗಳೂರಿನಿಂದ ಶನಿವಾರ ಹೊರಟವರು ಭಾನುವಾರ ಬೆಳಗ್ಗೆ ಮೊಳಕಾಲ್ಮುರಿನಲ್ಲಿ ನೀರಿನ ಬಾಟಲಿ ಕೊಂಡು ಗುಡ್ಡ ಹತ್ತುತ್ತಾರೆ. ಸಾಗರದ ಕಡೆಯ ನಮ್ಮ ನೆಂಟರೊಬ್ಬರು ಇದನ್ನು ಕೇಳಿ, ‘ನಿಮ್ಮೂರಲ್ಲಿ ನೀರಿನ ಟೂರಾ!’ ಎಂದು ಕೆಮ್ಮು ಬರುವಷ್ಟು ನಕ್ಕರು. ನಗಲಿ. ಅವರ ಊರಲ್ಲಿ ನೀರು ಅಂಗಳಕ್ಕೇ ಬಂದು ನಿಲ್ಲುತ್ತದೆ, ಹುಡುಕಿಕೊಂಡು ಹೋದವರಿಗೇ ಅದರ ಗುಣ ಗೊತ್ತು.

ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರು ಆಗುಂಬೆ, ಅತಿ ಕಡಿಮೆ ಬೀಳುವುದು ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ. ಪರೀಕ್ಷೆಯಲ್ಲಿ ನಮ್ಮ ಕಡೆಯ ಒಂದು ಊರಿಗಾದರೂ ಒಂದು ಅಂಕ ಇದೆಯಲ್ಲ ಎಂದು ಹೆಮ್ಮೆಪಟ್ಟವರೂ ಇದ್ದರು. ಆದರೆ ಆ ಪಾಠ ಓದಿದವರು ಇಲ್ಲಿ ಮಳೆಯೇ ಬರುವುದಿಲ್ಲ ಅಂದುಕೊಂಡುಬಿಡುತ್ತಾರೆ. ವರ್ಷಕ್ಕೆ ಸರಾಸರಿ 500 ಮಿಲಿಮೀಟರ್ ಆಚೀಚೆ ಬರುತ್ತದೆ. ಜೈಸಲ್ಮೇರಿನವರಿಗೆ ಇದರ ಅರ್ಧವೂ ಸಿಗುವುದಿಲ್ಲ. ಎಕರೆ ಲೆಕ್ಕದಲ್ಲಿ ಹೇಳುವುದಾದರೆ, 500 ಮಿಲಿಮೀಟರ್ ಮಳೆ ಅಂದರೆ ಒಂದು ಎಕರೆಯ ಮೇಲೆ ಸುಮಾರು 20 ಲಕ್ಷ ಲೀಟರ್ ನೀರು. ಟ್ಯಾಂಕರಿಗೆ ಐದು ಸಾವಿರ ಲೀಟರಿನಂತೆ ಹಿಡಿದರೂ ನಾನೂರು ಟ್ಯಾಂಕರು! ಬೇಸಿಗೆಯಲ್ಲಿ ಒಂದು ಟ್ಯಾಂಕರಿಗೆ ಕೈಮುಗಿದು ನಿಲ್ಲುವ ಮನುಷ್ಯನ ಹೊಲಕ್ಕೆ ದೇವರು ಬಿಟ್ಟಿಯಾಗಿ ನಾನೂರು ಟ್ಯಾಂಕರು ಸುರಿದು ಹೋಗಿರುತ್ತಾನೆ. ತಕರಾರು ಇರುವುದು ಅವನು ಸುರಿಯುವ ರೀತಿಯಲ್ಲಿ. ಶೇಂಗಾ ಬಿತ್ತಿದ ಮೇಲೆ ಮುಖ ತಿರುಗಿಸಿಕೊಂಡು ಹೋದವನು ಉತ್ತರೆಯಲ್ಲೋ ಹಸ್ತದಲ್ಲೋ ಒಂದೇ ರಾತ್ರಿ ಬಂದು ಎಲ್ಲ ಸಾಲ ತೀರಿಸಿಬಿಡುತ್ತಾನೆ. ಬೆಳಗ್ಗೆ ಎದ್ದು ನೋಡಿದರೆ ಹಳ್ಳ ಕೆಂಪಗೆ ಹರಿದು, ಮೇಲ್ಮಣ್ಣನ್ನು ಆಂಧ್ರಕ್ಕೆ ಸಾಗಿಸಿ, ಮಧ್ಯಾಹ್ನಕ್ಕೆ ಮತ್ತೆ ಒಣಗಿ ಕೂತಿರುತ್ತದೆ.

ಆಂಧ್ರಕ್ಕೆ ಎಂದದ್ದು ಬರೀ ಮಾತಿಗಲ್ಲ. ವೇದಾವತಿ ಹಿರಿಯೂರು ದಾಟಿ, ಪರಶುರಾಂಪುರದ ಕಡೆಯಿಂದ ಅನಂತಪುರ ಜಿಲ್ಲೆಗೆ ಹೋಗಿ, ಬಳ್ಳಾರಿಗೆ ಬರುವಾಗ ಹಗರಿಯಾಗಿ, ತುಂಗಭದ್ರೆ ಸೇರುತ್ತಾಳೆ. ಮೊಳಕಾಲ್ಮುರಿನ ಗಡಿಯಾಚೆಯ ರಾಯದುರ್ಗ ಸೀಮೆಯಲ್ಲಿ, ಕಣೇಕಲ್ಲು, ಬೊಮ್ಮನಹಾಳಿನ ಹತ್ತಿರ, ಹೊಳೆಯ ಮರಳನ್ನು ಗಾಳಿ ಎಬ್ಬಿಸಿ ಹೊಲಗಳ ಮೇಲೆ ದಿಬ್ಬ ದಿಬ್ಬವಾಗಿ ಒಟ್ಟಿದೆ. ದಕ್ಷಿಣದಲ್ಲೇ ಮರುಭೂಮಿ ನೋಡಬೇಕೆನ್ನುವವರು ರಾಜಸ್ಥಾನಕ್ಕೆ ರೈಲು ಹತ್ತಬೇಕಾಗಿಲ್ಲ. ಒಂಟೆ ಮಾತ್ರ ಸಿಗುವುದಿಲ್ಲ.

ಪ್ರವಾಸದ ಮಾತಿಗೆ ಬರೋಣ. ನೀರಿನ ಪ್ರವಾಸ ನಮ್ಮವರಿಗೆ ಹೊಸದೇನಲ್ಲ. ಈ ಶತಮಾನದ ಆರಂಭದಲ್ಲಿ ವಿಶ್ವಬ್ಯಾಂಕಿನ ಸಾಲದಲ್ಲಿ ಸುಜಲ ಜಲಾನಯನ ಯೋಜನೆ ಬಂದಾಗ ಐದು ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದಾಗಿತ್ತು. ಆ ಕಾಲದಲ್ಲಿ ‘ಅಧ್ಯಯನ ಪ್ರವಾಸ’ ಎಂಬುದು ಹಳ್ಳಿ ಹಳ್ಳಿಗೂ ಗೊತ್ತಾಯಿತು. ಸಂಘದವರೆಲ್ಲ ಬಸ್ಸು ಹತ್ತುವುದು, ಮಹಾರಾಷ್ಟ್ರದ ರಾಳೇಗಣ ಸಿದ್ಧಿಯನ್ನೋ ಹಿವರೆ ಬಜಾರನ್ನೋ ನೋಡುವುದು, ದಾರಿಯಲ್ಲಿ ಪಂಢರಪುರ, ಆದರೆ ಶಿರಡಿ, ಸಮಯ ಉಳಿದರೆ ಚೆಕ್ ಡ್ಯಾಂ. ನಾನು ಲೇವಡಿ ಮಾಡುತ್ತಿಲ್ಲ. ಹಿವರೆ ಬಜಾರಿನಲ್ಲಿ ಊರವರೇ ಕೂತು ಆ ವರ್ಷದ ಮಳೆ ಲೆಕ್ಕ ಹಾಕಿ ಯಾವ ಬೆಳೆ ಇಡಬೇಕೆಂದು ತೀರ್ಮಾನ ಮಾಡುತ್ತಾರೆ, ನೀರಾವರಿಗೆ ಬೋರು ಕೊರೆಯುವ ಹಾಗಿಲ್ಲ ಎಂದು ಕಟ್ಟು ಹಾಕಿಕೊಂಡಿದ್ದಾರೆ ಎಂದು ಕಣ್ಣಾರೆ ಕಂಡು ಬಂದ ನಮ್ಮ ರೈತರೊಬ್ಬರು ತಿಂಗಳುಗಟ್ಟಲೆ ಅದನ್ನೇ ಹೇಳಿದರು. ‘ಅಲ್ಲಿ ಬೋರು ಹಾಕ್ದಂಗೆ ಹ್ಯಂಗ್ ಇರ್ತಾರೆ ಅಂತ!’ ಎಂದು ಬೆರಗುಪಟ್ಟವರು, ಮುಂದಿನ ವರ್ಷ ತಮ್ಮ ಹೊಲಕ್ಕೆ ಇನ್ನೊಂದು ಬೋರು ಹಾಕಿಸಿದರು. ನೋಡಿ ಕಲಿಯುವುದು ಬೇರೆ, ನೋಡಿ ಬರುವುದು ಬೇರೆ.

ಈಗಿನ ಪ್ರವಾಸಗಳಲ್ಲಿ ನನಗೆ ಹಿಡಿಸುವುದೆಂದರೆ ಇವು ದೂರ ಹೋಗುವುದಿಲ್ಲ. ನಮ್ಮದೇ ಸೀಮೆಯ ಗುಡ್ಡದ ಬುಡಕ್ಕೆ ಹೋಗುತ್ತವೆ. ಅಲ್ಲಿರುವುದು ತಲಪರಿಗೆ. ಕೆರೆಯಂಗಳದಲ್ಲೋ ಹಳ್ಳದ ಪಕ್ಕದಲ್ಲೋ ಭೂಮಿಯೇ ನೀರು ಜಿನುಗಿಸುವ ಜಾಗವನ್ನು ಗುರುತು ಹಿಡಿದು, ಗುಂಡಿ ತೋಡಿ, ಬದಿಗೆ ಕಲ್ಲು ಕಟ್ಟಿ, ಒಂದು ಸಣ್ಣ ಕಾಲುವೆ ಬಿಟ್ಟಿರುತ್ತಾರೆ. ಯಂತ್ರವಿಲ್ಲ, ಕರೆಂಟಿಲ್ಲ, ಸ್ಟಾರ್ಟರ್ ಸುಡುವುದಿಲ್ಲ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂತೆಂದು ಟಾರ್ಚು ಹಿಡಿದು ಓಡಬೇಕಾಗಿಲ್ಲ. ನೀರು ತನ್ನ ಪಾಡಿಗೆ ತಾನು ಬರುತ್ತದೆ, ತನ್ನ ಪಾಡಿಗೆ ಹೋಗುತ್ತದೆ.

ತಲಪರಿಗೆಗಳ ನಾಡು ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಬಿ.ಎಲ್. ರೈಸ್ ಸೊಗಸಾಗಿ ಗೆರೆ ಎಳೆದು ಹೇಳಿದ್ದಾರೆ. 1897ರಲ್ಲಿ ಪರಿಷ್ಕರಿಸಿ ಹೊರತಂದ ಮೈಸೂರು ಗ್ಯಾಸೆಟಿಯರಿನಲ್ಲಿ, ಕೊರಟಗೆರೆಯಿಂದ ಹಿರಿಯೂರಿಗೆ, ಹಿರಿಯೂರಿನಿಂದ ಮೊಳಕಾಲ್ಮುರಿಗೆ ಒಂದು ಗೆರೆ ಹಾಕಿ, ಅದರ ಮೂಡಲಿಗೆ ಇರುವುದೆಲ್ಲ ಈ ಸೀಮೆ ಎನ್ನುತ್ತಾರೆ. ತೆಂಕಣ ಭಾಗದಲ್ಲಿ ಮರಳು ನೆಲ, ನೀರು ಮೇಲೆಯೇ ಸಿಗುತ್ತದೆ. ಬಡಗಣಕ್ಕೆ ಬಂದಂತೆಲ್ಲ ಕಡಿಮೆ. ಪಾವಗಡದಲ್ಲಿ ಮೆದುಕಲ್ಲು ಕಡಿಯಬೇಕು, ಚಿತ್ರದುರ್ಗದ ತಾಲ್ಲೂಕುಗಳಲ್ಲಿ ಕೆಲವು ಕಡೆ ಗಟ್ಟಿ ಬಂಡೆಯನ್ನೇ ತೂತು ಮಾಡಬೇಕು. ಸಿಕ್ಕ ನೀರನ್ನು ಕಾಲುವೆಯಲ್ಲಿ ಹೊಲಕ್ಕೆ ಹರಿಸುತ್ತಾರೆ, ಇಲ್ಲದಿದ್ದರೆ ಕಪಿಲೆ ಬಾವಿ ಕಟ್ಟಿ ಎತ್ತಿನಿಂದ ಎತ್ತಿಸುತ್ತಾರೆ ಎಂದೆಲ್ಲ ಬರೆದಿದ್ದಾರೆ. ನಕ್ಷೆ ಹರವಿಕೊಂಡು ಆ ಗೆರೆ ಎಳೆದರೆ ಅದು ಚಳ್ಳಕೆರೆ ಪೇಟೆಯ ಪಕ್ಕದಲ್ಲೇ ಹಾದುಹೋಗುತ್ತದೆ. ಅಂದರೆ ಎಣ್ಣೆ ಗಿರಣಿಗಳ ವಾಸನೆ ಮುಗಿಯುವಲ್ಲಿಂದ ತಲಪರಿಗೆಯ ನಾಡು ಶುರು.

ರೈಸ್ ಹೆಸರು ಬಂದ ಮೇಲೆ ಬ್ರಹ್ಮಗಿರಿಗೆ ಹೋಗದೆ ಮುಂದೆ ಹೋಗುವುದು ಹೇಗೆ? ಬೆಂಗಳೂರಿನಲ್ಲೇ ಹುಟ್ಟಿದ ಈ ಪುಣ್ಯಾತ್ಮ 1892ರಲ್ಲಿ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನ ಪತ್ತೆ ಮಾಡಿದರು. ನೀರಿನ ಪ್ರವಾಸಕ್ಕೆ ಬಂದವರು ಅಲ್ಲಿಗೂ ಹೋಗೇ ಹೋಗುತ್ತಾರೆ. ಹೋದಾಗ ಯಾರಾದರೊಬ್ಬರು, ‘ಅಶೋಕ ಬಾವಿ ತೋಡಿಸಿದ, ಸಾಲುಮರ ನೆಡಿಸಿದ ಅಂತ ಇದರಲ್ಲೇ ಬರೆದಿರೋದು’ ಎಂದು ಗಂಟಲು ಎತ್ತರಿಸಿ ಹೇಳುತ್ತಾರೆ. ಅದು ಇಲ್ಲಿ ಬರೆದಿಲ್ಲ, ಬೇರೆ ಕಡೆಯ ದೊಡ್ಡ ಶಾಸನಗಳಲ್ಲಿದೆ. ಇಲ್ಲಿಯದು ಸಣ್ಣದು. ತಂದೆ ತಾಯಿ ಮಾತು ಕೇಳಿ, ಜೀವಿಗಳ ಮೇಲೆ ದಯೆ ಇರಲಿ, ಸತ್ಯ ಹೇಳಿ, ಗುರುವಿಗೆ ಮರ್ಯಾದೆ ಕೊಡಿ. ಬಾವಿ ಸುದ್ದಿ ಇಲ್ಲ. ಶಾಸನದಲ್ಲಿ ಹೆಸರು ಬರುವ ಇಸಿಲವೆಂಬ ಊರಿನ ಜನಕ್ಕೆ ನೀರು ಹುಡುಕುವುದು ಹೇಳಿಕೊಡಬೇಕಾಗಿಲ್ಲ ಎಂದು ಚಕ್ರವರ್ತಿಗೆ ಗೊತ್ತಿದ್ದಿರಬೇಕು ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತೇನೆ. ನನಗೆ ಅಲ್ಲಿ ಅಶೋಕನಿಗಿಂತ ಹೆಚ್ಚು ಇಷ್ಟವಾಗುವವನು ಚಪಡ, ಶಾಸನ ಬರೆದ ಲಿಪಿಕಾರ. ಎಲ್ಲ ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ ತನ್ನ ಕಸುಬನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಗೀಚಿ ಹೋಗಿದ್ದಾನೆ. ಗಾಂಧಾರದ ಕಡೆಯವನೋ ಏನೋ, ಈ ಬಿಸಿಲಿನಲ್ಲಿ ಬಂಡೆ ಕೊರೆಯುತ್ತ ಎಲ್ಲಿಯ ನೀರು ಕುಡಿದನೋ.

ಬಂಡೆ ಅಂದೆನಲ್ಲ, ಎಲ್ಲದರ ಗುಟ್ಟೂ ಅದರಲ್ಲೇ ಇದೆ. ರಾಮನಗರದ ಗುಡ್ಡಗಳಿಂದ ಹಿಡಿದು ತುಮಕೂರು, ಮಧುಗಿರಿ, ಪಾವಗಡ, ಮೊಳಕಾಲ್ಮುರು ದಾಟಿ ಹಂಪಿಯ ಕಡೆಗೆ ಹೋಗುವ ಗ್ರಾನೈಟಿನ ಒಂದು ಉದ್ದನೆಯ ಪಟ್ಟಿ ಇದೆ. ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಗುಂಡುಗುಂಡಾದ, ಒಂದರ ಮೇಲೊಂದು ಕೂತ, ಈಗ ಬೀಳುತ್ತೇನೆ ಆಗ ಬೀಳುತ್ತೇನೆ ಎಂದು ಲಕ್ಷಾಂತರ ವರ್ಷದಿಂದ ಹೆದರಿಸುತ್ತಿರುವ ಬಂಡೆಗಳು. ಇವು ಬಿಸಿಲಿಗೆ ಬಿರಿದು, ಮಳೆಗೆ ಸವೆದು, ಗರಸಾಗಿ, ದಪ್ಪ ಮರಳಾಗಿ ಗುಡ್ಡದ ಬುಡದಲ್ಲಿ ಕೂತಿವೆ. ಗುಡ್ಡದ ಮೇಲೆ ಬಿದ್ದ ಮಳೆ ಬಿರುಕುಗಳಲ್ಲಿ ಇಳಿದು, ಈ ಗರಸಿನೊಳಗೆ ನುಸುಳಿ, ಕೆಳಗಿನ ಗಟ್ಟಿ ಬಂಡೆ ತಡೆದಾಗ ಇಳಿಜಾರು ಹಿಡಿದು ಮೆಲ್ಲಗೆ ಬರುತ್ತದೆ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಮೊಳೆಗೆ ತೂಗುಹಾಕಿದರೆ ರಾತ್ರಿಯೆಲ್ಲ ಕೆಳಗಿನ ಪಾತ್ರೆಗೆ ತೊಟ್ಟಿಕ್ಕುವುದಿಲ್ಲವೆ, ಹಾಗೆ. ಪಾತ್ರೆಯಲ್ಲಿ ನೀರು ನೋಡಿ ಪಾತ್ರೆಗೆ ಕುಂಕುಮ ಇಟ್ಟರೆ ಮೊಸರು ಕಟ್ಟಿದವಳು ನಗುತ್ತಾಳೆ. ತಲಪರಿಗೆಗೆ ಬಂದವರಲ್ಲಿ ಮುಕ್ಕಾಲು ಪಾಲು ಜನ ಮಾಡುವುದು ಇದನ್ನೇ. ಗುಂಡಿಯ ಸುತ್ತ ನಿಂತು ಫೋಟೊ ಹೊಡೆದುಕೊಂಡು ಹೋಗುತ್ತಾರೆ, ಬೆನ್ನ ಹಿಂದಿನ ಗುಡ್ಡ ಫೋಟೊದಲ್ಲೇ ಇದ್ದರೂ ಯಾರೂ ಅದನ್ನು ನೋಡಿರುವುದಿಲ್ಲ.

ನಾವು ಹೋದ ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆಯೇ ರೀಲ್ಸ್ ಮಾಡುವವರು ಹೋಗಿ ಗುಂಡಿಯೊಳಗೆ ಧುಮುಕುತ್ತಾರೆ. ಮೊಳಕಾಲ್ಮುರಿನ ಗುಡ್ಡಸಾಲಿನ ಬುಡದ ಒಂದು ಹಟ್ಟಿ ಎಂದಷ್ಟೇ ಇಟ್ಟುಕೊಳ್ಳಿ. ನಮಗೆ ದಾರಿ ತೋರಿಸಿದವನು ಮ್ಯಾಸಬೇಡರ ಪೈಕಿ ಒಬ್ಬ ತಾತ, ಹಿಂದೆ ದೇವರ ಎತ್ತು ಕಾಯುತ್ತಿದ್ದ ಕಿಲಾರಿ. ಮನೆಯಲ್ಲಿ ತೆಲುಗು, ನಮ್ಮ ಜೊತೆ ಕನ್ನಡ, ಎತ್ತುಗಳ ಜೊತೆ ಇನ್ನೇನೋ ಒಂದು. ಕಾಲೇಜಿನ ಮೇಷ್ಟ್ರೊಬ್ಬರು ಜಿ.ಪಿ.ಎಸ್. ಹಿಡಿದು ಅಕ್ಷಾಂಶ ರೇಖಾಂಶ ಗುರುತು ಹಾಕಿಕೊಳ್ಳುವಷ್ಟರಲ್ಲಿ ತಾತ ಹಳ್ಳ ಇಳಿದು ಆಚೆ ದಡದಲ್ಲಿ ಬೀಡಿ ಹಚ್ಚಿದ್ದ. ‘ನೀರು ಎಲ್ಲೈತೆ ಅಂತ ಹ್ಯಂಗೆ ಗೊತ್ತಾಗುತ್ತೆ ತಾತ?’ ಎಂದರೆ, ‘ನಮಗೇನು ಗೊತ್ತು ಸಾಮಿ, ದನಕ್ಕೆ ಗೊತ್ತು. ಸುಡುಸುಡೋ ಬಿಸಿಲಾಗೆ ದನ ಎಲ್ಲಿ ಹೋಗಿ ಮಲಿಕ್ಕೊಂತವೆ ನೋಡ್ಬೇಕು. ಆಮ್ಯಾಲೆ ಈಚಲು ನೋಡ್ಬೇಕು, ಆಪು ನೋಡ್ಬೇಕು’ ಎಂದ. ಆಪು ಅಂದರೆ ಜೊಂಡಿನ ಜಾತಿಯದು, ಚಾಪೆ ಹೆಣೆಯುವ ಹುಲ್ಲು. ನೀರಿಲ್ಲದ ಕಡೆ ಹುಟ್ಟುವುದಿಲ್ಲ. ಸುತ್ತ ಬಳ್ಳಾರಿ ಜಾಲಿ ಬಿಟ್ಟರೆ ಏನೂ ಇಲ್ಲದ ಆ ಬೂದು ನೆಲದಲ್ಲಿ ನಾಲ್ಕು ಈಚಲ ಮರ ಒಂದೇ ಸಾಲಿನಲ್ಲಿ ನಿಂತಿದ್ದವು. ಆ ಸಾಲು ಗುಡ್ಡದ ಕಡೆಗೆ ಹೋಗುತ್ತಿತ್ತು.

ತಲಪರಿಗೆಗೆ ಹೋಗುವ ಮೊದಲೇ ಹಳ್ಳದಲ್ಲಿ ಒಂದು ಚಿಲುಮೆ ತೋಡಿ ತೋರಿಸಿದ. ಕಪ್ಪು ಮರಳಿನ ಮೇಲೆ ಮೊಣಕಾಲೂರಿ, ಎರಡೂ ಅಂಗೈ ಕೂಡಿಸಿ ಮರಳನ್ನು ತನ್ನ ಕಡೆ ಎಳೆದುಕೊಂಡ. ಮೇಲಿನದು ಬಿಸಿ, ಅದರ ಕೆಳಗೆ ತಣ್ಣಗಿನದು, ಅದರ ಕೆಳಗೆ ಕೈಗಂಟುವುದು. ಮೊಳದುದ್ದ ಹೋಗುವಷ್ಟರಲ್ಲಿ ಗುಂಡಿಯ ಒಂದು ಪಕ್ಕೆ ಕುಸಿಯತೊಡಗಿತು. ‘ಬಂತು’ ಎಂದ. ನಾವೆಲ್ಲ ತಳ ನೋಡುತ್ತಿದ್ದೆವು. ನೀರು ತಳದಿಂದ ಬರಲಿಲ್ಲ, ಗುಡ್ಡದ ಕಡೆಯ ಪಕ್ಕೆಯಿಂದ ಬಂತು. ಕುಸಿದ ಮರಳಿನ ಮೇಲೆ ದಾರದಷ್ಟು ಸಣ್ಣಗೆ ಇಳಿದು ಕೆಳಗೆ ಕೆಂಪಗೆ ನಿಂತಿತು. ತಾತ ತೆಂಗಿನ ಚಿಪ್ಪಿನಲ್ಲಿ ಅದನ್ನು ತೋಡಿ ಹೊರಕ್ಕೆ ಚೆಲ್ಲಿದ. ಮತ್ತೆ ತುಂಬಿದ್ದನ್ನೂ ಚೆಲ್ಲಿದ. ಬೆಂಗಳೂರಿನ ಒಬ್ಬರು ‘ಅಯ್ಯೋ ವೇಸ್ಟ್ ಮಾಡಬೇಡಿ’ ಎಂದರು. ಮೂರನೆಯ ಸಲ ಬಂದದ್ದು ತಿಳಿಯಾಗಿತ್ತು, ಮರಳಿನ ಕಣಗಳು ತಳದಲ್ಲಿ ಒಂದೊಂದಾಗಿ ಹೊರಳುವುದು ಕಾಣುತ್ತಿತ್ತು. ಕುಡಿದೆವು. ಫ್ಲೋರೈಡಿನ ಮಾತನ್ನು ಯಾರೂ ಎತ್ತಲಿಲ್ಲ. ನಮ್ಮ ಕಡೆ ಆ ತಂಟೆ ಹೆಚ್ಚಾಗಿ ಆಳದ ಬೋರಿನದು, ಬಂಡೆಯೊಳಗೆ ಬಹಳ ಕಾಲ ಕೂತ ನೀರಿನದು.

ಗುಂಪಿನಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳಿದ್ದಳು. ನಮ್ಮೆಲ್ಲರ ಪ್ರಶ್ನೆಗಳಿಗಿಂತ ಅವಳದೇ ಚೆನ್ನಾಗಿತ್ತು. ‘ತಾತ, ಮಳೆ ಬಂದು ಎಷ್ಟು ದಿನಕ್ಕೆ ತಲಪರಿಗೆಗೆ ನೀರು ಏರುತ್ತೆ?’ ತಾತ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ. ‘ಇಲ್ಲಿ ಬಂದ್ರೆ ಏರಲ್ಲ ಕಣವ್ವ. ಅಗೋ, ಆ ನೆತ್ತಿ ಮ್ಯಾಲೆ ಬರಬೇಕು. ಉತ್ತರೆ ಮಳೆ ಅಲ್ಲಿ ಬಂದ್ರೆ ದೀಪಾವಳಿ ಹೊತ್ತಿಗೆ ಇಲ್ಲಿ ಗೊತ್ತಾಗ್ತೈತೆ. ಮೊದ್ಲು ಹಂಗಿತ್ತು. ಈಗ ಅಲ್ಲಿ ಬಂದದ್ದು ಅರ್ಧ ಗಂಟೇಗೆ ಹಳ್ಳಕ್ಕೆ ಬಂದ್ಬಿಡ್ತೈತೆ.’ ಜಲಾನಯನ ಇಲಾಖೆಯವರು ಗೋಡೆ ಗೋಡೆಯ ಮೇಲೆ ಬರೆಸುವ ಮಾತು, ಓಡುವ ನೀರನ್ನು ನಡೆಸಿ, ನಡೆಯುವ ನೀರನ್ನು ನಿಲ್ಲಿಸಿ, ನಿಂತ ನೀರನ್ನು ಇಂಗಿಸಿ ಎಂಬುದು. ಒಂದು ತಿಂಗಳು ನಡೆದುಕೊಂಡು ಬರುತ್ತಿದ್ದ ನೀರು ಅರ್ಧ ಗಂಟೆಯಲ್ಲಿ ಓಡಿ ಬರುವಂತಾದದ್ದು ಹೇಗೆ ಎಂದು ಕೇಳಿದರೆ ಜಲಾನಯನದ ಅರ್ಧ ಪುಸ್ತಕ ಮುಗಿದಂತೆ.

ಹೇಗೆ ಅಂದರೆ ಹುಲ್ಲು ಹೋಯಿತು. ಇದನ್ನು ನಾನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ನಮ್ಮಲ್ಲಿ ಪರಿಸರ ಎಂದರೆ ಮರ. ವನಮಹೋತ್ಸವ ಮಾಡುವವರಿಗೆ ಹುಲ್ಲುಗಾವಲು ಕಂಡರೆ ‘ಖಾಲಿ ಜಾಗ’. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಬಿಟ್ಟಿದ್ದ ಕಾವಲುಗಳು ನಮ್ಮ ತಾಲ್ಲೂಕಿನ ದೊಡ್ಡ ಆಸ್ತಿ. ವರವು ಕಾವಲು, ಕುದಾಪುರ, ಉಳ್ಳಾರ್ತಿ. ಒತ್ತಾಗಿ ಬೆಳೆದ ಕಾವಲಿನ ಹುಲ್ಲು ಮಳೆಯ ಹನಿಯನ್ನು ನೆಲಕ್ಕೆ ಬಡಿಯಲು ಬಿಡುವುದಿಲ್ಲ, ಹರಿಯುವ ನೀರಿನ ಕಾಲಿಗೆ ಅಡ್ಡ ಸಿಕ್ಕಿ ನಿಧಾನ ಮಾಡುತ್ತದೆ. 2010ರ ಆಸುಪಾಸಿನಲ್ಲಿ ಸಾವಿರಾರು ಎಕರೆ ಕಾವಲು ವಿಜ್ಞಾನದ ಸಂಸ್ಥೆಗಳಿಗೆ ಹೋಯಿತು. ಜನ ಹಸಿರು ನ್ಯಾಯಮಂಡಳಿಯವರೆಗೂ ಹೋಗಿ ಹೋರಾಡಿದರು. ಈಗ ಅಲ್ಲಿ ಉದ್ದನೆಯ ರನ್‌ವೇ ಇದೆ. 2023ರ ಏಪ್ರಿಲ್ 2ರಂದು ಇಸ್ರೋದವರು ಹೆಲಿಕಾಪ್ಟರಿನಲ್ಲಿ ಮೇಲಕ್ಕೊಯ್ದು ಬಿಟ್ಟ ರೆಕ್ಕೆಯ ವಾಹನ ತಾನೇ ದಾರಿ ನೋಡಿಕೊಂಡು ಅದರ ಮೇಲೆ ಇಳಿಯಿತು. ಮರುವರ್ಷ ಇಳಿದದ್ದಕ್ಕೆ ಪುಷ್ಪಕ್ ಎಂದು ಹೆಸರು. ಸಂತೋಷದ ಸಂಗತಿಯೇ, ನಾನೂ ಟೀವಿಯಲ್ಲಿ ನೋಡಿ ಚಪ್ಪಾಳೆ ತಟ್ಟಿದೆ. ಆದರೆ ಬೇಲಿಯ ಈಚೆ ಉಳಿದ ಹುಲ್ಲಿನ ಮೇಲೆ ಮೊದಲಿನಷ್ಟೇ ಕುರಿ, ಮೊದಲಿನಷ್ಟೇ ದನ. ಚಳ್ಳಕೆರೆ ಕಂಬಳಿಯ ಉಣ್ಣೆ ಆಕಾಶದಿಂದ ಇಳಿಯುವುದಿಲ್ಲವಲ್ಲ. ಮೇಯಲು ಜಾಗ ಕಿರಿದಾದಾಗ ಕುರಿಗಳು ಗುಡ್ಡ ಹತ್ತುತ್ತವೆ, ಗುಡ್ಡ ಬೋಳಾಗುತ್ತದೆ, ತಾತನ ಒಂದು ತಿಂಗಳು ಅರ್ಧ ಗಂಟೆಯಾಗುತ್ತದೆ.

ಇನ್ನೊಂದು ಕಾರಣ ಎಲ್ಲರಿಗೂ ಗೊತ್ತಿರುವುದು, ಬೋರು. ಸಾವಿರ ಅಡಿ ಕೊರೆದೆ ಎಂದರೆ ಈಗ ಹೋಟೆಲಿನಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ. ಮತ್ತೊಂದು ಮರಳು. ಹಳ್ಳದ ಮರಳು ಲಾರಿ ಹತ್ತಿದ ಮೇಲೆ ಚಿಲುಮೆ ಎಲ್ಲಿ ತೋಡುವುದು? ಇವೆರಡನ್ನೂ ಇಲ್ಲಿಗೇ ಬಿಡುತ್ತೇನೆ, ಇವುಗಳ ಮೇಲೆ ಭಾಷಣ ಕೇಳದವರು ಯಾರೂ ಉಳಿದಿಲ್ಲ.

ತಲಪರಿಗೆಯ ಹತ್ತಿರ ಬಂದಾಗ ಮಧ್ಯಾಹ್ನ. ಕಲ್ಲು ಕಟ್ಟಿದ ಉದ್ದನೆಯ ಗುಂಡಿ, ಒಂದು ಕಡೆ ಇಳಿಯಲು ಮೆಟ್ಟಿಲು, ಹೊಂಗೆಯ ಬೇರು ಕಲ್ಲುಗಳ ಸಂದಿನಲ್ಲಿ ನುಗ್ಗಿ ಕಟ್ಟಡವನ್ನು ತಾನೇ ಹಿಡಿದುಕೊಂಡಿತ್ತು. ಕಪ್ಪೆಗಳು ನಮ್ಮನ್ನು ನೋಡಿ ಒಂದೊಂದೇ ನೀರಿಗೆ ಬಿದ್ದವು. ಕಾಲುವೆಯಲ್ಲಿ ಬೆರಳು ಮುಳುಗುವಷ್ಟು ಹರಿವು, ಅದರ ಕೊನೆಯಲ್ಲಿ ಯಾರದೋ ಒಂದು ಪಾತಿ ಸೊಪ್ಪು. ಹಿಂದೆ ಭತ್ತ ಬೆಳೆಯುತ್ತಿದ್ದೆವು ಎಂದು ತಾತ ಹೇಳಿದ. ಶಿವರಾತ್ರಿ ಆದ ಮೇಲೆ, ನೀರಿನ ಪಾಲು ಇದ್ದವರು ಮನೆಗೊಂದಾಳಿನಂತೆ ಬಂದು ಹೂಳು ಎತ್ತಬೇಕಿತ್ತಂತೆ. ಬರದವನು ದಂಡ ಕೊಡಬೇಕು, ದಂಡ ಕೊಡದವನಿಗೆ ನೀರು ತಿರುಗಿಸುವುದಿಲ್ಲ. ‘ಗೌಡ ಆಗ್ಲಿ, ತಳವಾರ ಆಗ್ಲಿ, ಗಂಗಮ್ಮನ ತಾವ ಎಲ್ಲಾರೂ ಮಂಕರಿ ಹೊರಬೇಕು.’ ಇದನ್ನು ಕೇಳಿ ಜಿ.ಪಿ.ಎಸ್. ಮೇಷ್ಟ್ರು ಪುಸ್ತಕದಲ್ಲಿ ‘ಸಮುದಾಯ ಸಹಭಾಗಿತ್ವ’ ಎಂದು ಬರೆದುಕೊಂಡರು.

ಮಂಕರಿ ಹೊರುವ ಮಾತು ಬಂದ ಮೇಲೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ನೆನಪಾಗದೆ ಇರುತ್ತಾರೆಯೆ. ಅತಿ ಕಡಿಮೆ ಮಳೆಯ ಊರೆಂದು ಪಾಠದಲ್ಲಿ ಬರುವ ಆ ನಾಯಕನಹಟ್ಟಿಯ ಸುತ್ತ ಐದು ಕೆರೆ ಕಟ್ಟಿಸಿದವರು ಎಂದು ಜನ ಪೂಜಿಸುವುದು ಈ ಸಂತರನ್ನು. ಪವಾಡ ಪುರುಷರು ಬಹಳ ಜನ ಇದ್ದಾರೆ, ಆದರೆ ಮಣ್ಣು ಹೊರಿಸಿ ಕೆರೆ ಕಟ್ಟಿಸಿ ದೇವರಾದವರು ಕಡಿಮೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬುದು ಅವರ ಮಾತು, ಫಾಲ್ಗುಣದ ಜಾತ್ರೆಗೆ ಲಕ್ಷ ಲಕ್ಷ ಜನ ಸೇರಿದಾಗ ಈಗಲೂ ಬ್ಯಾನರುಗಳ ಮೇಲೆ ಅದೇ ಮಾತು. ಕೆಲಸ ಮಾಡಿದವನು ಮಾಡಿದಷ್ಟಕ್ಕೆ ಕೂಲಿ ತೆಗೆದುಕೊಂಡು ಹೋಗಲಿ ಎಂಬ ಈ ಲೆಕ್ಕ ಉದ್ಯೋಗ ಖಾತ್ರಿಯ ಅಳತೆ ಪುಸ್ತಕಕ್ಕಿಂತ ನೂರಾರು ವರ್ಷ ಹಳೆಯದು.

ಈಗ ಹೂಳೆತ್ತುವವರು ಯಾರು? ತುಮಕೂರಿನ ಕಡೆ ಮಲ್ಲಿಕಾರ್ಜುನ ಹೊಸಪಾಳ್ಯ ಅವರು ಮಧುಗಿರಿ, ಕೊರಟಗೆರೆ, ಪಾವಗಡಗಳ ತಲಪರಿಗೆಗಳನ್ನು ಊರೂರು ಅಲೆದು ಹುಡುಕಿ ಬರೆದ ಮೇಲೆ ಮರೆತುಹೋಗಿದ್ದ ವಿಷಯ ಮತ್ತೆ ಜನರ ಬಾಯಿಗೆ ಬಂತು. ಕರಾವಳಿಯ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು, ಹಲವು ಬರಿದಾದ ಮೇಲೂ ಬಿಡದೆ ನೀರು ಬರಿಸಿ ತೋಟ ಮಾಡಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಬಂತು. ಕಾಸರಗೋಡಿನ ಕಡೆಯ ಆ ಸುರಂಗವೂ ನಮ್ಮ ತಲಪರಿಗೆಯೂ ದಾಯಾದಿಗಳೇ, ಎರಡಕ್ಕೂ ಗುಡ್ಡವೇ ಟ್ಯಾಂಕು. ಅಲ್ಲಿ ಒಬ್ಬ ಮನುಷ್ಯನ ಹಟ ಸಾಕಾಯಿತು. ನಮ್ಮ ತಲಪರಿಗೆಗೆ ಒಬ್ಬನ ಹಟ ಸಾಲದು, ಹತ್ತು ಮನೆಯ ಒಪ್ಪಂದ ಬೇಕು. ಮನೆಗೊಂದು ಬೋರು ಇರುವಾಗ ಒಪ್ಪಂದಕ್ಕೆ ಯಾರು ಬರುತ್ತಾರೆ? ಬೋರು ಒಣಗಿದ ಊರುಗಳಲ್ಲಿ ಈಗೀಗ ಬರುತ್ತಿದ್ದಾರೆ ಎಂಬುದೇ ಸದ್ಯದ ಒಳ್ಳೆಯ ಸುದ್ದಿ.

ನಮ್ಮವರ ಕಣ್ಣು ಮಾತ್ರ ದೊಡ್ಡ ನೀರಿನ ಮೇಲೆ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಬಂದರೆ ಎಲ್ಲ ಸರಿಹೋಗುತ್ತದೆ ಎಂಬುದನ್ನು ಕೇಳುತ್ತ ಒಂದು ತಲೆಮಾರು ಮುದುಕಾಯಿತು. ಬರಲಿ, ಬರಬೇಕು. ವೇದಾವತಿಗೆ ಕಟ್ಟಿ 1907ರಲ್ಲಿ ಮುಗಿದ ಮಾರಿಕಣಿವೆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ. ಆ ವರ್ಷ ವೇದಾವತಿಯಲ್ಲಿ ನೀರು ಹರಿಯುವುದನ್ನು ನೋಡಲು ಜನ ಸೇತುವೆಗಳ ಮೇಲೆ ಬುತ್ತಿ ಕಟ್ಟಿಕೊಂಡು ಬಂದಿದ್ದರು. ಎಂಬತ್ತೊಂಬತ್ತು ವರ್ಷ ಕಾಯಿಸಿದ ಅಣೆಕಟ್ಟಿನ ಪಕ್ಕದಲ್ಲೇ ದೀಪಾವಳಿಗೆ ತಪ್ಪದೆ ಬರುತ್ತಿದ್ದ ತಲಪರಿಗೆ ಇತ್ತು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಚೆಕ್ ಡ್ಯಾಮುಗಳಿಗೂ ನಾನು ವಿರೋಧಿಯಲ್ಲ. ಆದರೆ ಕೆಲಸ ಗುಡ್ಡದ ನೆತ್ತಿಯಿಂದ ಶುರುವಾಗಬೇಕು, ಅಲ್ಲಿ ಕಲ್ಲಿನ ತಡೆ, ಇಳಿಜಾರಿಗೆ ಅಡ್ಡ ಕಂದಕ, ಎರಡು ಮೂರು ವರ್ಷ ಮೇಯಿಸದೆ ಬಿಟ್ಟ ಹುಲ್ಲು, ಆಮೇಲೆ ಹೊಲದ ಬದು, ಕೊನೆಗೆ ಹಳ್ಳದಲ್ಲಿ ಕಟ್ಟೆ. ನಡೆಯುತ್ತಿರುವುದು ಬಹುಮಟ್ಟಿಗೆ ತಿರುಗಾಮುರುಗಾ. ಮೊದಲು ಹಳ್ಳದಲ್ಲಿ ಕಾಂಕ್ರೀಟು, ಯಾಕೆಂದರೆ ಅಲ್ಲಿಗೆ ಲಾರಿ ಹೋಗುತ್ತದೆ. ಮೊದಲ ಮಳೆಗೆ ಬೋಳು ಗುಡ್ಡದ ಮಣ್ಣು ಬಂದು ಅದರಲ್ಲಿ ಕೂರುತ್ತದೆ, ಮೂರನೇ ವರ್ಷಕ್ಕೆ ಹುಡುಗರು ಅಲ್ಲಿ ಕ್ರಿಕೆಟ್ ಆಡುತ್ತಾರೆ. ಹುಲ್ಲು ಬೆಳೆಸುವುದಕ್ಕೆ ಉದ್ಘಾಟನೆ ಮಾಡುವುದು ಹೇಗೆಂದು ಯಾರಿಗೂ ಹೊಳೆದಿಲ್ಲ.

ಹೋಗುವವರಿಗೆ ನನ್ನದೊಂದು ಸಲಹೆ. ಮಳೆಗಾಲದಲ್ಲಿ ಹೋಗಬೇಡಿ, ಆಗ ಎಲ್ಲ ಗುಂಡಿಯೂ ತಲಪರಿಗೆಯೇ. ಏಪ್ರಿಲಿನಲ್ಲಿ ಹೋಗಿ, ಆಗ ಉಳಿದದ್ದೇ ನಿಜವಾದದ್ದು. ಬೆಳಗ್ಗೆ ಬೇಗ ಗುಡ್ಡ ಹತ್ತಿ, ನೆತ್ತಿಯಿಂದ ಇಳಿಯುತ್ತ ಬಂದು ಕೊನೆಗೆ ನೀರು ನೋಡಿ. ಮಧ್ಯಾಹ್ನ ಊರಿನ ಯಾರಾದರೊಬ್ಬರ ಮನೆಯಲ್ಲಿ ಮುದ್ದೆಗೆ ಮೊದಲೇ ಹೇಳಿಡಿ, ಕೈಗೆ ದುಡ್ಡು ಕೊಟ್ಟು ಬನ್ನಿ. ದಾರಿ ತೋರಿಸಿದವರಿಗೂ ಕೊಡಿ, ಶಾಲು ಹೊದಿಸಿ ಕಳಿಸಬೇಡಿ. ನಲವತ್ತು ಡಿಗ್ರಿ ಬಿಸಿಲಿನಲ್ಲಿ ತಾತನಿಗೆ ಯಾರೋ ಮೈಸೂರು ಪೇಟ ಇಟ್ಟು ಶಾಲು ಹೊದಿಸಿದ ಫೋಟೊ ಅವನ ಮನೆಯ ಗೋಡೆಯ ಮೇಲಿದೆ. ಅದರಲ್ಲಿ ಅವನ ಮುಖ ನೋಡಬೇಕು.

ಈ ಪ್ರವಾಸಗಳು ಹೆಚ್ಚಾದ ಮೇಲೆ ಆ ತಲಪರಿಗೆಗೆ ಒಂದು ಫಲಕ ಹಾಕಬೇಕೆಂದು ಇಲಾಖೆಯೊಂದರವರು ಬಂದರು. ನೀಲಿ ಬಣ್ಣ, ಬಿಳಿ ಅಕ್ಷರ, ಕೆಳಗೆ ಅಂದಾಜು ಮೊತ್ತ. ಗುಂಡಿಯ ಪಕ್ಕದಲ್ಲಿ ಕಂಬಕ್ಕೆ ಕುಣಿ ತೆಗೆಯಲು ಹೊರಟಾಗ ತಾತ ತಡೆದ. ‘ಇಲ್ಲಿ ಯಾಕೆ ಸಾಮಿ? ಬರೆಯಾದು ಬರೆದೀರ, ಆ ಗುಡ್ಡದ ಮ್ಯಾಲೆ ಹಾಕ್ರಿ. ನೀರಿರಾದು ಅಲ್ಲಿ.’ ಬಂದವರು ಗುಡ್ಡ ನೋಡಿದರು, ಜೀಪು ನೋಡಿದರು, ಕೈಗಡಿಯಾರ ನೋಡಿದರು. ಗುಡ್ಡಕ್ಕೆ ಕಂಬ ಹೊರುವುದು ಎಸ್ಟಿಮೇಟಿನಲ್ಲಿ ಇಲ್ಲವೆಂದಾಯಿತು, ತಾತ ಗುಂಡಿಯ ಪಕ್ಕ ಬಿಡುವುದಿಲ್ಲವೆಂದಾಯಿತು. ಈಗ ಆ ಫಲಕ ರಾಯದುರ್ಗದ ರಸ್ತೆಯಲ್ಲಿ ಮಂಡಕ್ಕಿ ಮಿರ್ಚಿ ಅಂಗಡಿಯ ಮುಂದಿದೆ. ಬಾಣದ ಗುರುತು ಹೋಟೆಲಿನ ಕಡೆಗೆ ತಿರುಗಿದೆ, ಅಂಗಡಿಯವನಿಗೆ ವ್ಯಾಪಾರ ಚೆನ್ನಾಗಿದೆಯಂತೆ.